ಘಾಟಿ ಹತ್ತುವಷ್ಟರಲ್ಲಿ ಕೂಲೆಂಟ್ ಎಲ್ಲಿ ಹೋಯಿತು? ಹಳೆಯ ಕಾರಿನ ಸೋರಿಕೆ ಹಿಡಿಯುವ ಬಗೆ

ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ದಾರಿಯಲ್ಲಿ, ಜೋಡುಪಾಲ ದಾಟಿ ಮದೆನಾಡಿನ ಆಚೀಚೆ, ಬೋನೆಟ್ ಎತ್ತಿಕೊಂಡು ನಿಂತ ಹಳೆಯ ಕಾರು ಕಣ್ಣಿಗೆ ಬೀಳುವುದು ಹೊಸತೇನಲ್ಲ. ಸುಳ್ಯದಲ್ಲಿ ನೆಟ್ಟಗಿದ್ದ ಗಾಡಿ ಇಲ್ಲಿಗೆ ಬರುವಷ್ಟರಲ್ಲಿ ಹಬೆ ಬಿಡುತ್ತಿರುತ್ತದೆ. ಹೆಚ್ಚಿನವರು ಬಾಟಲಿ ನೀರು ಹೊಯ್ದು ಮುಂದೆ ಹೋಗುತ್ತಾರೆ. ವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಹೊಯ್ದ ನೀರು ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ದೊಡ್ಡ ಉಪಕರಣವೇನೂ ಬೇಡ. ಆದರೆ ‘ಎಲ್ಲಿ ಸೋರುತ್ತಿದೆ’ ಎಂದು ಕೇಳುವ ಮುಂಚೆ ‘ಯಾವಾಗ ಸೋರುತ್ತಿದೆ’ ಎಂದು ಕೇಳಿಕೊಳ್ಳಬೇಕು. ತಣ್ಣಗಿರುವಾಗಲೋ, ಓಡುವಾಗಲೋ, ನಿಲ್ಲಿಸಿದ ಮೇಲೋ ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಕೂಲೆಂಟ್ ಸುತ್ತುವ ದಾರಿ

ಇಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಹೊತ್ತು ಹೊರಗೆ ಹಾಕುವುದು ಕೂಲೆಂಟ್. ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ನೀರು, ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ ಸೇರಿದರೆ ಕೂಲೆಂಟ್ ಆಗುತ್ತದೆ. ಸಣ್ಣ ಕಾರಿನಲ್ಲಿ ಇದು 3ರಿಂದ 5 ಲೀಟರ್‌ನಷ್ಟಿರುತ್ತದೆ. ವಾಟರ್ ಪಂಪ್ ಅದನ್ನು ಸಿಲಿಂಡರುಗಳಿರುವ ಇಂಜಿನ್ ಬ್ಲಾಕಿನ ಒಳಗೆ ತಳ್ಳುತ್ತದೆ. ಅಲ್ಲಿಂದ, ಬ್ಲಾಕಿನ ಮೇಲೆ ಮುಚ್ಚಳದಂತೆ ಕೂತ ಹೆಡ್‌ಗೆ, ಹೆಡ್‌ನಿಂದ ದಪ್ಪ ರಬ್ಬರ್ ಹೋಸ್ ಮೂಲಕ ರೇಡಿಯೇಟರ್‌ಗೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಾಳಿ ತಾಗಿ ತಣಿದ ಕೂಲೆಂಟ್ ಕೆಳಗಿನ ಹೋಸ್‌ನಿಂದ ಮತ್ತೆ ಪಂಪಿಗೆ ಬರುತ್ತದೆ.

ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲೊಂದಿದೆ, ಗ್ಯಾರೇಜಿನಲ್ಲಿ ಹಲವರು ಬರೀ ‘ವಾಲ್ವ್’ ಅನ್ನುತ್ತಾರೆ. ಸುಮಾರು 82ರಿಂದ 88 ಡಿಗ್ರಿ ಬಿಸಿಯಾಗುವ ತನಕ ಅದು ಮುಚ್ಚಿಕೊಂಡಿದ್ದು ಇಂಜಿನ್ ಬೇಗ ಕಾಯಲು ಬಿಡುತ್ತದೆ, ಆಮೇಲೆ ತೆರೆಯುತ್ತದೆ. ಹೀಟರ್ ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಕೂತಿರುತ್ತದೆ. ಕೂಲೆಂಟ್ ಅಲ್ಲಿಗೂ ಹೋಗಿ ಬರುತ್ತದೆ. ಈ ಸುತ್ತಿನಲ್ಲಿ ಎಷ್ಟು ಕೀಲುಗಳಿವೆಯೋ ಸೋರಲು ಅಷ್ಟೂ ಜಾಗಗಳಿವೆ.

ಮುಚ್ಚಳ, ಕುಕ್ಕರ್ ಮತ್ತು ಮಡಿಕೇರಿಯ ಎತ್ತರ

ರೇಡಿಯೇಟರ್ ಮುಚ್ಚಳವನ್ನು ಬರೀ ಮುಚ್ಚಳ ಅಂದುಕೊಳ್ಳುವುದೇ ಅನೇಕ ತಪ್ಪುಗಳ ಮೂಲ. ಅದು ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒಳಗೆ ಸ್ಪ್ರಿಂಗ್ ಇದ್ದು, ಮೇಲೆ ಬರೆದಿರುವ ಒತ್ತಡ ಮುಟ್ಟುವ ತನಕ ದಾರಿ ಬಿಡುವುದಿಲ್ಲ. ಸಾಮಾನ್ಯವಾಗಿ 0.9 ಅಥವಾ 1.1 ಎಂದು ಅಚ್ಚೊತ್ತಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವುದು ತಡವಾಗುತ್ತದೆ.

ಕರಾವಳಿಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ಇದು ಇಳಿಯುತ್ತದೆ. ಮಡಿಕೇರಿ ಇರುವುದು ಹತ್ತಿರ ಹತ್ತಿರ 1,150 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಿರುಗಲು ಶುರುಮಾಡುವುದೇ 92ರಿಂದ 100 ಡಿಗ್ರಿಯ ನಡುವೆ. ಮುಚ್ಚಳ ಗಟ್ಟಿಯಾಗಿದ್ದರೆ ಬರೀ ನೀರೂ ಇಲ್ಲಿ 116 ಡಿಗ್ರಿ ಹತ್ತಿರದ ತನಕ ಕುದಿಯದೆ ತಾಳುತ್ತದೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ನಿಲ್ಲದಿದ್ದರೆ? ಫ್ಯಾನ್ ತಿರುಗುವ ಹೊತ್ತಿಗೆ ಒಳಗೆ ಕುದಿತವೇ ಶುರುವಾಗಿರುತ್ತದೆ. ಮಂಗಳೂರಿನಲ್ಲಿ ತೊಂದರೆ ಕೊಡದ ಗಾಡಿ ಘಾಟಿಯ ತುದಿಯಲ್ಲಿ ಉಕ್ಕಲು ಇದೂ ಒಂದು ಕಾರಣ. ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿರುವುದೇ: ಎರಡನೇ ಗೇರಿನಲ್ಲಿ ಏರುವಾಗ ಇಂಜಿನ್ ದುಡಿಯುವುದು ಜಾಸ್ತಿ, ಮುಂದಿನಿಂದ ನುಗ್ಗುವ ಗಾಳಿ ಕಡಿಮೆ.

ಮುಚ್ಚಳದಲ್ಲಿ ಇನ್ನೊಂದು ಪುಟ್ಟ ಕವಾಟವೂ ಇದೆ. ಇಂಜಿನ್ ತಣಿಯುವಾಗ ಕೂಲೆಂಟ್ ಕುಗ್ಗುತ್ತದಲ್ಲ, ಆಗ ರಿಸರ್ವ್ ಡಬ್ಬದಿಂದ ಅಷ್ಟನ್ನು ಒಳಗೆ ಎಳೆದುಕೊಳ್ಳಲು ಅದು ದಾರಿ ಬಿಡಬೇಕು. ಅದು ಅಂಟಿಕೊಂಡರೆ ಬೆಳಗ್ಗೆ ನೋಡುವಾಗ ಮೇಲಿನ ಹೋಸ್ ಹಿಂಡಿದಂತೆ ಚಪ್ಪಟೆಯಾಗಿರುತ್ತದೆ. ಹಾಗಾಗಿ ಡಬ್ಬ ತುಂಬಿದೆ ಎಂದು ನೆಮ್ಮದಿಯಿಂದಿರಬೇಡಿ. ಡಬ್ಬ ತುಂಬಿಯೂ ರೇಡಿಯೇಟರ್ ಅರ್ಧ ಖಾಲಿ ಇರುವುದುಂಟು. ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ರೇಡಿಯೇಟರಿನ ಕತ್ತಿನ ತನಕ ಇದೆಯೇ ಎಂದು ನೋಡುವುದೇ ಸರಿಯಾದ ಅಳತೆ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ, ಪ್ಲಾಸ್ಟಿಕ್ ಡಬ್ಬವೇ ಒತ್ತಡ ಹೊರುತ್ತದೆ. ಅಲ್ಲಿ ಡಬ್ಬದ ಗೆರೆ ನೋಡಿದರೆ ಸಾಕು.

ದಾರಿಯಲ್ಲೇ ಕೈಕೊಟ್ಟಾಗ

ಟೆಂಪರೇಚರ್ ಮುಳ್ಳು ಮೇಲೇರಲು ಶುರುವಾದರೆ ಏಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ. ಆ ಪುಟ್ಟ ರೇಡಿಯೇಟರ್ ಒಂದಿಷ್ಟು ಶಾಖವನ್ನು ಹೊರಗೆ ತಳ್ಳುತ್ತದೆ. ತಿರುವಿನಲ್ಲಿ ನಿಲ್ಲದೆ, ಅಗಲ ಜಾಗ ಸಿಕ್ಕಿದ ತಕ್ಷಣ ನಿಲ್ಲಿಸಿ. ಹಬೆ ಬರುತ್ತಿದ್ದರೆ ಇಂಜಿನ್ ಆಫ್.

ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ ಕೂಲೆಂಟ್ ಬಹುಪಾಲು ಹೋಗಿದೆ ಎಂದೇ ತಿಳಿಯಿರಿ. ಟೆಂಪರೇಚರ್ ಮುಳ್ಳನ್ನೂ ಆಗ ನಂಬುವಂತಿಲ್ಲ. ಸೆನ್ಸರ್ ಅಳೆಯುವುದು ತನಗೆ ತಾಗಿದ ದ್ರವದ ಬಿಸಿಯನ್ನು. ನೀರು ಇಳಿದು ಅದು ಬರೀ ಗಾಳಿಯಲ್ಲಿ ನಿಂತರೆ ಮುಳ್ಳು ಕೆಳಗಿಳಿಯಲೂಬಹುದು. ‘ಸರಿಹೋಯಿತು’ ಎಂದು ಓಡಿಸಿದವರ ಇಂಜಿನ್ ಸೀಜ್ ಆಗುವುದು ಇಲ್ಲೇ.

ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು. ಒತ್ತಡ ಇಳಿದ ಕೂಡಲೇ ಒಳಗಿನ ನೀರೆಲ್ಲ ಒಮ್ಮೆಗೆ ಕುದ್ದು ಮುಖಕ್ಕೆ ಎರಚುತ್ತದೆ. ಕನಿಷ್ಠ 30ರಿಂದ 45 ನಿಮಿಷ ಕಾಯಿರಿ. ಮೇಲಿನ ಹೋಸ್ ಒತ್ತಿ ನೋಡಿ, ಮೆತ್ತಗಾಗಿದ್ದರೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ಹಂತದ ತನಕ ಮಾತ್ರ ತಿರುಗಿಸಿ, ಬುಸ್ ಎಂಬ ಸದ್ದು ನಿಂತ ಮೇಲೆ ತೆಗೆಯಿರಿ. ಕೆಂಡದಂತಿರುವ ಇಂಜಿನ್ನಿಗೆ ತೊರೆಯ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡಬಹುದು, ಅಲ್ಯೂಮಿನಿಯಂ ಹೆಡ್ ಆದರೆ ಸೊಟ್ಟಗಾಗಬಹುದು. ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹೊಯ್ಯಿರಿ. ತೊರೆಯ ನೀರೇ ಗತಿಯಾದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಎಷ್ಟು ಹಿಡಿಯಿತು ಎಂದು ಬಾಟಲಿ ಲೆಕ್ಕದಲ್ಲಿ ನೆನಪಿಡಿ, ಆ ಲೆಕ್ಕ ಮುಂದೆ ಬೇಕಾಗುತ್ತದೆ.

ಒಂದು ಮಾತು: ‘ಇಳಿಜಾರು ತಾನೇ, ಇಂಜಿನ್ ಆಫ್ ಮಾಡಿಯೇ ಇಳಿಸೋಣ’ ಎಂಬ ಯೋಚನೆ ಘಾಟಿಯಲ್ಲಿ ಬೇಡ. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ, ಕೀ ಹೊರತೆಗೆದರಂತೂ ಸ್ಟೀರಿಂಗೇ ಲಾಕ್.

ಸೋರಿದ್ದೋ, ಉಕ್ಕಿದ್ದೋ?

ಮೊದಲು ಬಿಡಿಸಬೇಕಾದ ಗಂಟು ಇದು. ಕೂಲೆಂಟ್ ಹೋದದ್ದರಿಂದ ಇಂಜಿನ್ ಕಾದಿತೋ, ಇಂಜಿನ್ ಕಾದದ್ದರಿಂದ ಕೂಲೆಂಟ್ ಹೋಯಿತೋ? ಒಲೆಯ ಮೇಲಿನ ಹಾಲಿನ ಪಾತ್ರೆ ಖಾಲಿಯಾದರೆ ತಳ ತೂತಾಗಿರಬೇಕೆಂದಿಲ್ಲ, ಉಕ್ಕಿಯೂ ಹೋಗಿರಬಹುದು.

ರಿಸರ್ವ್ ಡಬ್ಬದ ಸುತ್ತ, ಅದರ ಓವರ್‌ಫ್ಲೋ ಪೈಪಿನ ಕೆಳಗೆ ಮಾತ್ರ ಒದ್ದೆಯಾಗಿ ಉಳಿದೆಲ್ಲ ಒಣಗಿದ್ದರೆ ಅದು ಉಕ್ಕಿದ್ದು. ಆಗ ಹೋಸ್ ಹುಡುಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಫ್ಯಾನ್ ತಿರುಗುತ್ತಿದೆಯೇ, ಅದರ ಫ್ಯೂಸ್ ಮತ್ತು ರಿಲೇ ಸರಿಯಿದೆಯೇ, ಥರ್ಮೋಸ್ಟಾಟ್ ತೆರೆಯುತ್ತಿದೆಯೇ, ಮುಚ್ಚಳ ಒತ್ತಡ ಹಿಡಿಯುತ್ತಿದೆಯೇ ನೋಡಿ. ತೋಟದ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಇನ್ನೊಂದು ಕಾರಣ ತುಂಬ ಸಾಮಾನ್ಯ: ಕೆಸರು, ಒಣಗಿದ ಎಲೆ, ಕಾಫಿ ಹೊಟ್ಟು ಸೇರಿ ರೇಡಿಯೇಟರಿನ ಜಾಲರಿಯನ್ನೇ ಮುಚ್ಚಿಬಿಟ್ಟಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಜೋರು ಪ್ರೆಶರಿನಲ್ಲಿ ಹೊಡೆದರೆ ಜಾಲರಿಯ ತೆಳು ತಗಡು ಮಡಚಿ ಗಾಳಿಗೇ ದಾರಿಯಿಲ್ಲದಂತಾಗುತ್ತದೆ.

ಹಳೆಯ ಡೀಸೆಲ್ ಜೀಪುಗಳಲ್ಲಿ ಫ್ಯಾನ್ ಮತ್ತು ವಾಟರ್ ಪಂಪ್ ಎರಡೂ ಒಂದೇ ಬೆಲ್ಟಿನ ಮೇಲೆ ಓಡುತ್ತವೆ. ಬೆಲ್ಟ್ ತುಂಡಾದರೆ ಎರಡೂ ನಿಂತು ಕೆಲವೇ ನಿಮಿಷದಲ್ಲಿ ಉಕ್ಕುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ತಿರುಗಿಸುವುದು ಅದೇ ಬೆಲ್ಟ್, ಹಾಗಾಗಿ ಬ್ಯಾಟರಿ ಚಾರ್ಜಿಂಗ್ ದೀಪ ಜೊತೆಗೇ ಹೊತ್ತಿದರೆ ಸಂಶಯವೇ ಬೇಡ.

ಮಳೆಗಾಲದಲ್ಲಿ ಹನಿ ಹುಡುಕುವುದು

ಬಯಲುಸೀಮೆಯವರಿಗೆ ಇದು ಸುಲಭ, ಗಾಡಿಯ ಕೆಳಗೆ ಒದ್ದೆಯಿದ್ದರೆ ಸೋರಿದೆ ಎಂದರ್ಥ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನಲ್ಲಿ ಗಾಡಿಯ ಕೆಳಗೆ ಒದ್ದೆಯಿಲ್ಲದ ದಿನ ಯಾವುದು? ಆದ್ದರಿಂದ ಗಾಡಿಯನ್ನು ಶೆಡ್ಡಿನೊಳಗೆ ತಂದು, ಮಳೆನೀರು ಇಳಿದು ಹೋಗಲು ಒಂದೆರಡು ಗಂಟೆ ಬಿಟ್ಟು, ಆಮೇಲೆ ಕೆಳಗೆ ರಟ್ಟು ಇಲ್ಲವೇ ಹಳೆಯ ಪೇಪರ್ ಹಾಸಿ. ಚಕ್ರದ ಜಾಗವನ್ನು ಪೆನ್ನಿನಲ್ಲಿ ಗುರುತು ಮಾಡಿಕೊಂಡರೆ ಹನಿ ಬಿದ್ದದ್ದು ಯಾವ ಭಾಗದ ಕೆಳಗೆ ಎಂದು ಬೆಳಗ್ಗೆ ತಿಳಿಯುತ್ತದೆ.

ಬಿದ್ದದ್ದು ಕೂಲೆಂಟೇ ಹೌದೇ? ಬೆರಳಿನಿಂದ ಮುಟ್ಟಿ ಉಜ್ಜಿದರೆ ಜಾರುತ್ತದೆ, ಒಂಥರಾ ಸಿಹಿ ವಾಸನೆ, ಬಣ್ಣ ಹಸಿರು, ಕೆಂಪು ಅಥವಾ ನೀಲಿ. ಬಣ್ಣವೇ ಇಲ್ಲದೆ ವಾಸನೆಯೂ ಇಲ್ಲದೆ ಎಡಬದಿಯ ಸೀಟಿನ ನೇರಕ್ಕೆ ತೊಟ್ಟಿಕ್ಕಿದರೆ ಅದು ಹೆಚ್ಚಾಗಿ ಏಸಿಯ ನೀರು, ಚಿಂತೆಯಿಲ್ಲ. ವರ್ಷಗಟ್ಟಲೆ ಬರೀ ನೀರು ಹೊಯ್ದ ಗಾಡಿಯಲ್ಲಿ ಹನಿ ತುಕ್ಕಿನ ಬಣ್ಣದ್ದಾಗಿರುತ್ತದೆ. ಯಾವ ಕಾರಣಕ್ಕೂ ನಾಲಿಗೆಗೆ ಮುಟ್ಟಿಸಬೇಡಿ. ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ತೋಟದ ನಾಯಿಗಳು ಆ ಸಿಹಿಗೆ ನೆಕ್ಕಿ ಸಾಯುತ್ತವೆ. ಚೆಲ್ಲಿದ್ದನ್ನು ಕೂಡಲೇ ಮಣ್ಣೋ ಮರದ ಪುಡಿಯೋ ಹಾಕಿ ಎತ್ತಿಬಿಡಿ.

ಹನಿ ನೆಲಕ್ಕೆ ಬೀಳದೆ ಬಿಸಿ ಲೋಹದ ಮೇಲೇ ಆರಿಹೋಗುವುದೂ ಇದೆ. ಆಗ ಒಣಗಿದ ಕಲೆ ಹುಡುಕಬೇಕು, ಉಪ್ಪು ಕಟ್ಟಿದಂತೆ ಬೆಳ್ಳಗೆ ಅಥವಾ ಹಸಿರಾಗಿ ಕೂತ ಗೆರೆ. ಗೆರೆಯ ಅತಿ ಮೇಲಿನ ತುದಿ ಎಲ್ಲಿದೆಯೋ ಸೋರಿಕೆ ಅಲ್ಲಿ. ಕೆಳಗಿನ ತುದಿಯನ್ನು ನೋಡಿ ಭಾಗ ಬದಲಾಯಿಸುವುದು ಮಾಮೂಲಿ ತಪ್ಪು. ಓಡುವ ಗಾಡಿಯಲ್ಲಿ ಗಾಳಿ ಹನಿಯನ್ನು ಹಿಂದಕ್ಕೂ ತಳ್ಳಿರುತ್ತದೆ.

ಯಾವಾಗ ಸೋರುತ್ತದೆ ಎನ್ನುವುದೇ ಸುಳಿವು

ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಹನಿ ಬಿಟ್ಟಿದ್ದು, ಓಡಿಸಿದ ಮೇಲೆ ಸೋರಿಕೆ ಕಾಣೆಯಾದರೆ ಹೋಸ್ ಕ್ಲಿಪ್ಪುಗಳ ಮೇಲೆ ಮೊದಲ ಗುಮಾನಿ. ಡಿಸೆಂಬರ್–ಜನವರಿಯ ಚಳಿಗೆ ಗಟ್ಟಿಯಾದ ಹಳೆಯ ರಬ್ಬರ್ ಕುಗ್ಗಿ ಕ್ಲಿಪ್ಪಿನಡಿ ಸಂದು ಬಿಡುತ್ತದೆ, ಬಿಸಿಯಾದರೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಸ್ಕ್ರೂ ಡ್ರೈವರಿನಲ್ಲಿ ಒಂದು ಸುತ್ತು ಬಿಗಿಮಾಡಿ ನೋಡಿ, ಅದಕ್ಕಿಂತ ಜಾಸ್ತಿ ಬಿಗಿದರೆ ಕ್ಲಿಪ್ ರಬ್ಬರನ್ನೇ ಕತ್ತರಿಸುತ್ತದೆ. ತಣ್ಣಗಿರುವಾಗಲೂ ಬಿಸಿಯಿರುವಾಗಲೂ ಒಂದೇ ಸಮನೆ ತೊಟ್ಟಿಕ್ಕಿದರೆ ಕೆಳಗಿನ ಹೋಸ್, ರೇಡಿಯೇಟರಿನ ತಳ ಅಥವಾ ಬ್ಲಾಕಿನ ಪಕ್ಕದಲ್ಲಿ ನಾಣ್ಯದಂತೆ ಕೂತ ತಗಡಿನ ಪ್ಲಗ್ಗುಗಳನ್ನು ನೋಡಬೇಕು. ಕೂಲೆಂಟ್ ಬದಲು ಬರೀ ನೀರು ಕಂಡ ಇಂಜಿನ್ನಿನಲ್ಲಿ ಈ ಪ್ಲಗ್ಗುಗಳು ಒಳಗಿನಿಂದ ತುಕ್ಕು ತಿಂದು ಒಂದು ದಿನ ಇದ್ದಕ್ಕಿದ್ದಂತೆ ತೂತಾಗುತ್ತವೆ.

ಇಂಜಿನ್ ಓಡುವಾಗ, ಬೆಲ್ಟ್ ಇರುವ ಬದಿಯಿಂದಲೇ ಹನಿಯುತ್ತಿದ್ದರೆ ವಾಟರ್ ಪಂಪ್. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತನ್ನು ತಯಾರಕರೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ಕೂಲೆಂಟ್ ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲಿ ಎಂದು. ಆ ತೂತಿಗೆ ಎಂ-ಸೀಲ್ ಮೆತ್ತುವವರೂ ಇದ್ದಾರೆ! ಆಮೇಲೆ ಬೇರಿಂಗ್ ಹೋಗಿ ಪುಲ್ಲಿಯೇ ಅಲುಗಾಡುತ್ತದೆ. ಇಂಜಿನ್ ನಿಂತಿರುವಾಗ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಆಟವಿದ್ದರೆ ಪಂಪ್ ಬದಲಾಯಿಸಲೇಬೇಕು. ಟೈಮಿಂಗ್ ಬೆಲ್ಟಿನಿಂದ ಓಡುವ ಪಂಪ್ ಆದರೆ ಬಿಚ್ಚುವ ಕೆಲಸ ಹೇಗೂ ಒಂದೇ, ಬೆಲ್ಟನ್ನೂ ಜೊತೆಗೇ ಹಾಕಿಸಿ.

ಇನ್ನು ಕೊಡಗಿನ ಗಾಡಿಗಳಲ್ಲಿ ಜಾಸ್ತಿ ಕಾಡುವುದು ಮೂರನೆಯ ಬಗೆ: ದಾರಿಯುದ್ದಕ್ಕೂ ಸರಿಯಿದ್ದು, ಘಾಟಿ ಹತ್ತಿ ಊರಿಗೆ ಬಂದು ಆಫ್ ಮಾಡಿದ ಮೇಲೆ ಬುಸ್ಸೆಂದು ಸೋರುವುದು. ಇಂಜಿನ್ ನಿಂತ ಕೂಡಲೇ ಪಂಪ್ ನಿಲ್ಲುತ್ತದೆ, ಲೋಹದ ಬಿಸಿ ಮಾತ್ರ ನಿಲ್ಲುವುದಿಲ್ಲ. ಒಲೆಯಿಂದ ಇಳಿಸಿದ ಬಾಣಲೆಯಲ್ಲಿ ಒಗ್ಗರಣೆ ಸೀಯುತ್ತಲೇ ಇರುತ್ತದಲ್ಲ, ಹಾಗೆ. ಸುತ್ತದೆ ನಿಂತ ಕೂಲೆಂಟಿನ ಬಿಸಿ ಇನ್ನಷ್ಟು ಏರುತ್ತದೆ, ಒತ್ತಡವೂ ಏರುತ್ತದೆ, ಇಡೀ ಸುತ್ತಿನಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಾಯಿ ಬಿಡುತ್ತದೆ. ಹೆಚ್ಚಾಗಿ ಅದು ಹೋಸ್ ಅಥವಾ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್. ಹೋಸನ್ನು ತಣ್ಣಗಿರುವಾಗ ಹಿಸುಕಿ ನೋಡಿ. ಒಳ್ಳೆಯ ಹೋಸ್ ಒತ್ತಿದರೆ ಬಗ್ಗಿ ಮತ್ತೆ ಎದ್ದೇಳುತ್ತದೆ. ಕರಕರ ಎಂದರೆ, ಕ್ಲಿಪ್ಪಿನ ಹತ್ತಿರ ಉಬ್ಬಿದ್ದರೆ, ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಒಂದು ಒಡೆದರೆ ಉಳಿದವೂ ಅದೇ ವಯಸ್ಸಿನವು ಎಂಬುದನ್ನು ಮರೆಯಬೇಡಿ. ಪ್ಲಾಸ್ಟಿಕ್ ಟ್ಯಾಂಕ್ ಕಂದುಬಣ್ಣಕ್ಕೆ ತಿರುಗಿ ಕೂದಲೆಳೆಯಷ್ಟು ಸೀಳಿದ್ದರೆ ಅಂಟು ನಿಲ್ಲುವುದಿಲ್ಲ. ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರನ್ನಾದರೆ ಬೆಸುಗೆ ಹಾಕಿಸಬಹುದು.

ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಂದು ಹೋಸ್, ವೈರ್ ಎರಡನ್ನೂ ಕಡಿಯುತ್ತದೆ. ಒಡೆದ ಹೋಸಿಗೂ ಕಡಿದ ಹೋಸಿಗೂ ಅಂಚು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹೊರಗೆ ಹನಿಯೇ ಇಲ್ಲ, ನೀರು ಮಾತ್ರ ಇಳಿಯುತ್ತಿದೆ

ಮುಂದಿನ ಗಾಜಿನ ಒಳಬದಿಗೆ ಜಿಡ್ಡಿನಂಥ ಮಂಜು ಕೂರುವುದು, ಹೀಟರ್ ಹಾಕಿದಾಗ ಸಿಹಿ ವಾಸನೆ ಬರುವುದು ಹೀಟರಿನ ಪುಟ್ಟ ರೇಡಿಯೇಟರ್ ಸೋರುವ ಗುರುತು. ಕಾಲಡಿಯ ಕಾರ್ಪೆಟ್ ಮಳೆಗಾಲದಲ್ಲಿ ಹೇಗೂ ಒದ್ದೆ. ಪೇಪರ್ ಟವೆಲ್ ಒತ್ತಿ ಬಣ್ಣ ಮತ್ತು ಜಾರು ನೋಡಿ ತೀರ್ಮಾನಿಸಿ.

ಎಲ್ಲರೂ ಹೆದರುವುದು ಹೆಡ್ ಗ್ಯಾಸ್ಕೆಟಿಗೆ. ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂತ ತೆಳು ಹಾಳೆ ಇದು. ಉರಿಯುವ ಗ್ಯಾಸ್, ಆಯಿಲ್, ಕೂಲೆಂಟ್ ಮೂರೂ ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಒಮ್ಮೆ ಚೆನ್ನಾಗಿ ಕಾದ ಇಂಜಿನ್ನಿನಲ್ಲಿ ಇದು ಸುಡುತ್ತದೆ. ಆಗ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತದೆ: ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ರಿಸರ್ವ್ ಡಬ್ಬದಲ್ಲಿ ಬಿಡದೆ ಗುಳ್ಳೆ ಏಳುತ್ತದೆ. ಇಲ್ಲವೇ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತದೆ: ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಬಿಚ್ಚಿದ ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದು ಮಾತ್ರ ತೊಳೆದಿಟ್ಟಂತೆ ಚೊಕ್ಕ. ಆಯಿಲಿಗೆ ಬೆರೆತರೆ ಅದರ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ.

ಇಲ್ಲೊಂದು ಎಚ್ಚರ ಬೇಕು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಳದಿ ನೊರೆ ಕಂಡ ತಕ್ಷಣ ‘ಗ್ಯಾಸ್ಕೆಟ್ ಹೋಯಿತು’ ಎನ್ನುವವರಿದ್ದಾರೆ. ಮಳೆಗಾಲದ ತೇವದಲ್ಲಿ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ. ಆಗ ಒಳಗಿನ ತೇವ ಮುಚ್ಚಳಕ್ಕೆ ಅಂಟಿ ನೊರೆಯಾಗುತ್ತದೆ. ಒಂದು ಗಂಟೆ ಓಡಿಸಿ ಬಂದು, ಒರೆಸಿ, ಡಿಪ್‌ಸ್ಟಿಕ್ ನೋಡಿ. ಅದು ಶುದ್ಧವಾಗಿದ್ದು ಕೂಲೆಂಟ್ ಮಟ್ಟ ಕದಲದಿದ್ದರೆ ಹೆಡ್ ಬಿಚ್ಚಿಸುವ ಅಗತ್ಯವಿಲ್ಲ. ಅನುಮಾನ ಉಳಿದರೆ ರೇಡಿಯೇಟರಿನ ಬಾಯಿಗೆ ನೀಲಿ ದ್ರವದ ನಳಿಗೆ ಇಟ್ಟು ನೋಡುವ ಪರೀಕ್ಷೆಯಿದೆ, ಉರಿದ ಗ್ಯಾಸ್ ತಾಗಿದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹೆಡ್ ಬಿಚ್ಚಲೇಬೇಕಾಯಿತು ಎನ್ನಿ, ಲೇತ್‌ನಲ್ಲಿ ಅದು ಸಮತಟ್ಟಾಗಿದೆಯೇ ಎಂದು ಅಳೆಸದೆ ಹೊಸ ಗ್ಯಾಸ್ಕೆಟ್ ಹಾಕಬೇಡಿ. ಸೊಟ್ಟ ಹೆಡ್ಡಿನ ಮೇಲೆ ಹೊಸದೂ ಸುಡುತ್ತದೆ.

ಪ್ರೆಶರ್ ಟೆಸ್ಟ್

ಕಣ್ಣಿಗೆ ಸಿಗದ ಸೋರಿಕೆಗೆ ಗ್ಯಾರೇಜಿನಲ್ಲಿ ಕೇಳಬೇಕಾದದ್ದು ಇದನ್ನು. ತಣ್ಣನೆಯ ಇಂಜಿನ್ನಿಗೆ ಕೂಲೆಂಟ್ ತುಂಬಿ, ಮುಚ್ಚಳದ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಚೆನ್ನಾಗಿದ್ದ ರೇಡಿಯೇಟರೂ ಒಡೆಯುತ್ತದೆ. 10–15 ನಿಮಿಷ ಮುಳ್ಳು ಇಳಿಯಬಾರದು. ಇಳಿದರೆ ಆಗಲೇ ಟಾರ್ಚ್ ಹಿಡಿದು ಹುಡುಕಬೇಕು, ಸುಡುವ ಭಯವಿಲ್ಲದೆ ಕೈಹಾಕಿ ನೋಡಬಹುದಾದ ಹೊತ್ತು ಅದು. ಮುಳ್ಳು ಇಳಿದೂ ಎಲ್ಲೂ ಒದ್ದೆ ಕಾಣದಿದ್ದರೆ ನೀರು ಒಳಗೇ ಹೋಗುತ್ತಿದೆ. ಮುಚ್ಚಳವನ್ನೂ ಅದೇ ಪಂಪಿನಲ್ಲಿ ಪರೀಕ್ಷಿಸಬಹುದು.

ಊರು ಮುಟ್ಟುವ ತನಕದ ಉಪಾಯ

ಹೋಸಿನ ತುದಿಯಲ್ಲೇ ಸೀಳಿದ್ದರೆ ಆ ತುದಿ ಕತ್ತರಿಸಿ ಮತ್ತೆ ತೂರಿಸಿ ಕ್ಲಿಪ್ ಹಾಕಬಹುದು. ನಡುವೆ ಸೀಳಿದ್ದರೆ ಒಣಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಎರಡೂ ಕಡೆ ಬಿಗಿಯಿರಿ. ಮುಚ್ಚಳವನ್ನು ಮೊದಲ ಹಂತಕ್ಕೆ ಸಡಿಲಿಸಿಟ್ಟರೆ ಒತ್ತಡ ಏರುವುದಿಲ್ಲ, ಪಟ್ಟಿ ತಾಳುತ್ತದೆ. ಆದರೆ ಆಗ ನೀರು 96 ಡಿಗ್ರಿಗೇ ಕುದಿಯುವುದರಿಂದ ನಿಧಾನ ಹೋಗಿ, ಐದಾರು ಕಿಲೋಮೀಟರಿಗೊಮ್ಮೆ ನಿಲ್ಲಿಸಿ, 5 ಲೀಟರಿನ ಕ್ಯಾನ್ ಜೊತೆಗಿರಲಿ. ಅರಿಶಿನ ಪುಡಿ, ಮೊಟ್ಟೆಯ ಬಿಳಿ, ಅಂಗಡಿಯ ಸ್ಟಾಪ್-ಲೀಕ್ ಪುಡಿ ಇವೆಲ್ಲ ತೂತಿಗೆ ಸಿಕ್ಕಿಕೊಂಡು ಮುಚ್ಚುವಂಥವು. ತೂತು ಯಾವುದು, ರೇಡಿಯೇಟರಿನ ಸಣ್ಣ ಕೊಳವೆ ಯಾವುದು ಎಂದು ಅವಕ್ಕೆ ಗೊತ್ತಾಗುವುದಿಲ್ಲ. ಥರ್ಮೋಸ್ಟಾಟ್ ಕಿತ್ತುಹಾಕಿದರೆ ತಂಪಾಗಿರುತ್ತದೆ ಎಂಬ ಸಲಹೆಯೂ ಸಿಗುತ್ತದೆ. ಮಡಿಕೇರಿಯ ಚಳಿಯಲ್ಲಿ ಆ ಇಂಜಿನ್ ಸರಿಯಾಗಿ ಕಾಯದೆ ಪೆಟ್ರೋಲ್ ಕುಡಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಕೂಲೆಂಟ್ ರೇಡಿಯೇಟರನ್ನು ಬಿಟ್ಟು ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಕಾಯುತ್ತದೆ.

ಮತ್ತೆ ತುಂಬುವಾಗ

ಸಾಂದ್ರ ಕೂಲೆಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಜೊತೆ ಸಮಸಮ ಬೆರೆಸಿ. ರೆಡಿಮಿಕ್ಸ್ ಆದರೆ ನೀರು ಸೇರಿಸಬೇಡಿ. ಬೋರ್‌ವೆಲ್ ನೀರಿನ ಸುಣ್ಣ, ಕಬ್ಬಿಣ ಒಳಗೆ ಪಾಚಿಯಂತೆ ಕಟ್ಟುತ್ತದೆ. ಕೂಲೆಂಟಿನ ಬಣ್ಣಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮವಿಲ್ಲ. ಹಸಿರಿಗೆ ಹಸಿರು ಎಂದು ಬೆರೆಸದೆ, ಒಳಗಿರುವುದು ಯಾವುದೆಂದು ತಿಳಿಯದಿದ್ದರೆ ಪೂರ್ತಿ ಇಳಿಸಿ ತೊಳೆದು ಹೊಸದು ಹಾಕಿ.

ಒಳಗೆ ಗಾಳಿ ಉಳಿದರೆ ಹೊಸ ಹೋಸ್ ಹಾಕಿಯೂ ಇಂಜಿನ್ ಕಾಯುತ್ತದೆ. ಗಾಳಿ ಏರುವುದು ಮೇಲಕ್ಕೆ, ಹಾಗಾಗಿ ಮೂತಿ ಏರಿನ ಕಡೆಗಿರುವಂತೆ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕೊಡಗಿನಲ್ಲಿ ಅಂಥ ಜಾಗಕ್ಕೇನು ಬರ. ಹೀಟರ್ ಪೂರ್ತಿ ತೆರೆದು, ನಿಧಾನಕ್ಕೆ ತುಂಬಿ, ಮುಚ್ಚಳ ಹಾಕದೆ ಇಂಜಿನ್ ಐಡಲ್‌ನಲ್ಲಿ ಓಡಲಿ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಡಬ್ಬವನ್ನು ಮೇಲಿನ ಗೆರೆಯ ತನಕ ತುಂಬಿ. ಒಟ್ಟು ಎಷ್ಟು ಹಿಡಿಯಿತು ಎಂದು ಮ್ಯಾನುಯಲ್ಲಿನ ಅಳತೆಯ ಜೊತೆ ಹೋಲಿಸಿ. ಪೂರ್ತಿ ಇಳಿಸಿದ ಗಾಡಿ ಅರ್ಧ ಲೀಟರ್ ಕಡಿಮೆ ಹಿಡಿದಿದ್ದರೆ, ಚೆನ್ನಾಗಿ ತೊಳೆದಿದ್ದರೂ, ಒಳಗೆ ಹಳೆಯದು ನಿಂತಿದೆ ಅಥವಾ ಗಾಳಿ ಇದೆ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ. ಹಾಸಿದ ಪೇಪರ್ ಒಣಗಿದ್ದು ಮಟ್ಟ ಸ್ವಲ್ಪ ಮಾತ್ರ ಇಳಿದಿದ್ದರೆ ಅದು ಗಾಳಿ ಹೊರಬಂದ ಜಾಗ, ತುಂಬಿಬಿಡಿ. ಮೂರನೇ ದಿನವೂ ಇಳಿಯುತ್ತಿದ್ದರೆ ಪ್ರೆಶರ್ ಟೆಸ್ಟಿಗೆ ಹಿಂತಿರುಗಬೇಕು.